ರೆಡ್ ಆಕ್ಸೈಡ್ ನೆಲದ ಮೇಲೆ ಮರದ ಡಿಸೈನಿನ ವಿನೈಲ್: ನಾಲ್ಕು ಮಳೆಗಾಲ ಕಂಡ ಮೇಲೆ ನನ್ನ ಅನುಭವ

ಪುಷ್ಯ ಮಳೆ ಮುಗಿದ ಮಾರನೇ ದಿನ ಮನೆಯ ಹಾಲ್‌ನಲ್ಲಿ ಮೊಣಕಾಲೂರಿ ಕೂತು ಒಂದೊಂದು ಸಂದಿಯ ಮೇಲೂ ಉಗುರು ಆಡಿಸಿ ನೋಡಿದೆ. ನೆಲಕ್ಕೆ ಅಂಟಿಸಿದ ವಿನೈಲ್ (ಪ್ಲಾಸ್ಟಿಕ್) ಹಲಗೆಗಳಲ್ಲಿ ಒಂದೂ ಎದ್ದಿಲ್ಲ, ಒಂದು ಮೂಲೆಯೂ ಮುದುರಿಲ್ಲ. 2022ರ ಫೆಬ್ರವರಿಯಲ್ಲಿ ಹಾಕಿದ್ದು, 2025ರದ್ದು ನಾಲ್ಕನೇ ಮಳೆಗಾಲ. ತೀರ್ಥಹಳ್ಳಿ ಸೀಮೆಯ ಹಳೇ ಮನೆಯಲ್ಲಿ ವಿನೈಲ್ ನಿಲ್ಲುವುದಿಲ್ಲ, ನೆಲ ಒಸರುತ್ತೆ, ಗಮ್ಮು ಕೈಕೊಡುತ್ತೆ ಅಂತ ಎಲ್ಲರೂ ಹೇಳಿದ್ದರು. ನನಗೆ ಮರಗೆಲಸ ಕಲಿಸಿದ ಹಿರಿಯ ಮೇಸ್ತ್ರಿ ಹೇಳಿದ್ದರು, ಶಿವಮೊಗ್ಗದ ಅಂಗಡಿಯವರು ಹೇಳಿದ್ದರು. ಭಾವ ಅಂತೂ 'ಮತ್ತೆ ದುಡ್ಡು ಸುರೀತೀಯಾ ಮಾರಾಯ' ಅಂತ ಮುಖಕ್ಕೇ ಅಂದಿದ್ದರು. ಅವರು ಹಾಗೆ ಹೇಳಲು ಕಾರಣ ಇತ್ತು. ಅದಕ್ಕೂ ಮುಂಚೆ ನಾನು ಮೂರು ಸಲ ಸೋತಿದ್ದೆ.

ಮೊದಲನೇ ಸೋಲು ರೋಲ್‌ನದು. ಚದರಡಿಗೆ ಹದಿನೆಂಟೋ ಇಪ್ಪತ್ತೋ ರೂಪಾಯಿಯ ತೆಳು ಪಿವಿಸಿ ಕಾರ್ಪೆಟ್, ಆರೂವರೆ ಅಡಿ ಅಗಲದ್ದು. ಅಮ್ಮನಿಗೆ ಮಂಡಿನೋವು, ಬರಿಗಾಲಲ್ಲಿ ರೆಡ್ ಆಕ್ಸೈಡ್ (ಕೆಂಪು ಬಣ್ಣದ) ಗಾರೆ ನೆಲ ತಣ್ಣಗೆ ಕೊರೆಯುತ್ತೆ ಅಂತ ಹಾಲ್‌ಗೂ ಅವರ ಕೋಣೆಗೂ ಹಾಸಿಬಿಟ್ಟೆ. ಗಮ್ಮು ಹಾಕಲಿಲ್ಲ, ಅಂಚಿಗೆ ಟೇಪ್ ಅಷ್ಟೇ. ಆರಿದ್ರ ಮಳೆ ಕೂರುವಷ್ಟರಲ್ಲಿ ಮನೆಯೆಲ್ಲ ಮುಗ್ಗಲು ವಾಸನೆ. ಎತ್ತಿ ನೋಡಿದರೆ ಅಡಿಯ ನಾರು ಪೂರ್ತಿ ಕಪ್ಪು ಬೂಸ್ಟು. ಹತ್ತಿರತ್ತಿರ ಒಂಬತ್ತು ಸಾವಿರ ಕೊಟ್ಟಿಗೆಯ ಹಿಂದೆ ಹೋಯಿತು.

ಎರಡನೆಯದು ದೊಡ್ಡ ಪೆಟ್ಟು. ಈಗ ಇರುವಂಥದ್ದೇ ಎರಡು ಮಿಲಿಮೀಟರ್ ದಪ್ಪದ ಹಲಗೆ, ನಾವು ಲ್ಯಾಮಿನೇಟ್‌ಗೆ ಬಳಸುವ ಹಳದಿ ರಬ್ಬರ್ ಗಮ್ಮು. ಕೈಗೆ ಒಗ್ಗಿದ ಗಮ್ಮಲ್ಲವೇ, ಪ್ಲೈವುಡ್ ಮೇಲೆ ಇಪ್ಪತ್ತು ವರ್ಷ ಹಿಡಿದದ್ದು ನೆಲದ ಮೇಲೂ ಹಿಡಿಯುತ್ತೆ ಅಂದುಕೊಂಡೆ. ಬೇಸಿಗೆಯಲ್ಲಿ ಕನ್ನಡಿಯಂತಿತ್ತು. ಜುಲೈ ಹೊತ್ತಿಗೆ ಸಂದಿಗಳಿಂದ ಕಪ್ಪು ಗೆರೆ ಎದ್ದಿತು, ಮುಟ್ಟಿದರೆ ಹಲಸಿನ ಮೇಣದ ಹಾಗೆ ಅಂಟು. ಕಾಲಿಟ್ಟರೆ ಹಲಗೆ ಸರಿಯುತ್ತಿತ್ತು. ವಿನೈಲ್ ಮೆದುವಾಗಿರಲಿ ಅಂತ ಅದರೊಳಗೆ ಹಾಕಿರುವ ಎಣ್ಣೆಯಂಥ ವಸ್ತು ರಬ್ಬರ್ ಗಮ್ಮಿಗೆ ಇಳಿದು ಅದನ್ನು ಕರಗಿಸುತ್ತದೆ ಅನ್ನುವುದು ಆಮೇಲೆ ತಿಳಿಯಿತು. ಅದರ ಜೊತೆಗೆ ನಮ್ಮ ನೆಲಕ್ಕೆ ನಲವತ್ತು ವರ್ಷ ತಿಕ್ಕಿದ ಮೇಣ, ತೆಂಗಿನೆಣ್ಣೆ. ಗಮ್ಮು ಹಿಡಿದದ್ದು ಮೇಣವನ್ನೇ ಹೊರತು ನೆಲವನ್ನಲ್ಲ. ಆ ಸಲ ಇಪ್ಪತ್ತಾರು ಸಾವಿರ ಹೋಯಿತು. ಕೆರೆದು ತೆಗೆಯಲು ನಾನೂ ಹುಡುಗನೂ ಎಂಟು ದಿನ ಕೂತೆವು.

ಮೂರನೆಯದು ಮಾವನವರ ಮನೆಯಲ್ಲಿ. ಗಮ್ಮಿನ ರಗಳೆಯೇ ಬೇಡ ಅಂತ ಅಂಚುಗಳು ಒಂದಕ್ಕೊಂದು ಕ್ಲಿಕ್ ಆಗಿ ಲಾಕ್ ಆಗುವ ಎಸ್‌ಪಿಸಿ (ಕಲ್ಲಿನ ಪುಡಿ ಬೆರೆತ ಗಟ್ಟಿ ವಿನೈಲ್ ಹಲಗೆ) ಹಾಕಿದೆ, ಚದರಡಿಗೆ ನೂರಾ ಹತ್ತರ ಮಾಲು. ನೆಲದ ತಗ್ಗು ಸರಿ ಮಾಡಲಿಲ್ಲ. ಮೆತ್ತನೆ ಫೋಮ್ ಹಾಸಿದರೆ ಕೂತುಕೊಳ್ಳುತ್ತೆ ಅಂತ ಅಂಗಡಿಯಲ್ಲಿ ಹೇಳಿದ್ದನ್ನು ನಂಬಿದೆ. ಆರು ತಿಂಗಳಲ್ಲಿ ಓಡಾಟದ ದಾರಿಯಲ್ಲೆಲ್ಲ ಲಾಕ್ ಮುರಿಯಿತು. ಅರ್ಧ ಹಣ ನನ್ನ ಕೈಯಿಂದ ಕೊಟ್ಟೆ, ಮಾವ ಬೇಡ ಅಂದರೂ ಕೊಟ್ಟೆ. ದಪ್ಪ ಹಲಗೆ ಕೊಂಡರೆ ನೆಲ ಸಮ ಮಾಡುವ ಕೆಲಸ ತಪ್ಪುತ್ತೆ ಅನ್ನುವ ಮಾತನ್ನು ಅಲ್ಲಿಂದೀಚೆಗೆ ಯಾರು ಹೇಳಿದರೂ ನಾನು ನಂಬಿಲ್ಲ.

ಕಣ್ಣು ತೆರೆಸಿದ್ದು ಒಂದು ಪ್ಲಾಸ್ಟಿಕ್ ಹಾಳೆ. ಹಾಳೆ ಅಂಟಿಸಿ ತೇವ ನೋಡುವುದು ನಮಗೆಲ್ಲ ಗೊತ್ತಿರುವ ವಿದ್ಯೆಯೇ. ಆದರೆ ನಾವು ಮಾಡುವುದು ಯಾವಾಗ? ಕೆಲಸ ಶುರುವಾಗುವ ಹಿಂದಿನ ದಿನ, ಜನವರಿ ಬಿಸಿಲಲ್ಲಿ. ಆಗ ಯಾವ ನೆಲವಾದರೂ ಒಣಗಿಯೇ ಇರುತ್ತದೆ. 2021ರಲ್ಲಿ ನಾನು ಮಳೆಗಾಲದ ನಟ್ಟನಡುವೆ ಮಾಡಿದೆ. ಹದಿನೆಂಟು ಇಂಚಿನ ಚೌಕದ ಐದು ತುಂಡು, ಮನೆಯ ಐದು ಕಡೆ. ಒದ್ದೆ ನೆಲಕ್ಕೆ ಟೇಪ್ ಹಿಡಿಯಲೇ ಇಲ್ಲ. ಅಂಚು ಒರೆಸಿ ಹೀಟ್ ಗನ್‌ನಲ್ಲಿ (ಬಿಸಿಗಾಳಿ ಊದುವ ಮಷಿನ್) ಕಾಯಿಸಿ ಅಂಟಿಸಬೇಕಾಯಿತು. ಎರಡು ದಿನ ಬಿಟ್ಟೆ. ಮಳೆ ಹೊಳವಾಗಿ ಸೆಕೆ ಎದ್ದ ಮಧ್ಯಾಹ್ನ ನೆಲವೆಲ್ಲ ಎಂದಿನಂತೆ ಬೆವರಿತ್ತು. ಹಾಳೆಗಳನ್ನು ನೋಡಿದರೆ ನಾಲ್ಕು ಕಡೆ ನೀರಿನ ಹನಿ ಹಾಳೆಯ ಮೇಲಿತ್ತು! ಟೇಪ್ ಬಿಡಿಸಿ ಕೈಯಿಟ್ಟೆ, ಅಡಿಯಲ್ಲಿ ಪೂರಾ ಒಣ. ಉತ್ತರದ ಕೋಣೆಯ ಒಂದು ಕಡೆ ಮಾತ್ರ ಅಡಿಯಲ್ಲೂ ಹನಿ, ನೆಲದ ಬಣ್ಣವೂ ಕಡುವಾಗಿತ್ತು.

ಅಂದರೆ ನಮ್ಮ ಮನೆಯ ನೆಲ ಒಸರುತ್ತಲೇ ಇರಲಿಲ್ಲ. ಹೊರಗಿನ ಒದ್ದೆ ಗಾಳಿ ತಣ್ಣನೆ ಗಾರೆಗೆ ತಾಗಿ ಹನಿಗಟ್ಟುತ್ತಿತ್ತು. ಉತ್ತರದ ಕೋಣೆಯೊಂದರಲ್ಲಿ ಮಾತ್ರ ಜಂಬಿಟ್ಟಿಗೆ ಪಾಯದಿಂದ ನಿಜವಾಗಿ ನೀರು ಏರುತ್ತಿತ್ತು. ಎರಡೂ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಎರಡನ್ನೂ ನಾವು 'ಒಸರು' ಅಂತಲೇ ಕರೆಯುತ್ತೇವೆ. ಖರ್ಚು ಮಾತ್ರ ಬೇರೆ ಬೇರೆ. ಇಡೀ ಮನೆಗೆ ಎಪಾಕ್ಸಿ (ತೇವ ತಡೆಯುವ ರಾಳದ ಲೇಪ) ಬಳಿಯದೆ ಬೇರೆ ದಾರಿ ಇಲ್ಲ ಅಂತ ಒಬ್ಬರು ಲೆಕ್ಕ ಕೊಟ್ಟಿದ್ದರು. ನನಗೆ ಬೇಕಾದದ್ದು ನೂರಾ ಹತ್ತು ಚದರಡಿಗೆ ಅಷ್ಟೇ.

ಇನ್ನು ಹಲಗೆ ಆರಿಸಿದ ವಿಷಯ. ಆರು ಅಂಗಡಿಯಿಂದ ಸ್ಯಾಂಪಲ್ ತಂದೆ, ಚದರಡಿಗೆ ಮೂವತ್ತೆರಡು ರೂಪಾಯಿಯಿಂದ ಎಪ್ಪತ್ತೈದರವರೆಗೆ. ಎಲ್ಲರೂ ಮೊದಲು ಹೇಳುವುದು ದಪ್ಪ. ನಾನು ಕೇಳಿದ್ದು ವೇರ್ ಲೇಯರ್, ಅಂದರೆ ಚಿತ್ರ ಸವೆಯದಂತೆ ಕಾಯುವ ಮೇಲಿನ ಪದರ, ಎಷ್ಟು ಅಂತ. ಅರ್ಧ ಜನರಿಗೆ ಗೊತ್ತೇ ಇರಲಿಲ್ಲ. ಮೂರು ಮಿಲಿ ದಪ್ಪ ಇದ್ದು ಮೇಲಿನ ಪದರ 0.1 ಮಿಲಿ ಇದ್ದರೆ ಕುರ್ಚಿ ಎಳೆಯುವ ಮನೆಯಲ್ಲಿ ಚಿತ್ರ ಬೇಗ ಅಳಿಸಿಹೋಗುತ್ತೆ. ಎರಡು ಮಿಲಿ ದಪ್ಪಕ್ಕೆ 0.3 ಪದರ ನನಗೆ ಸಾಕು ಅನ್ನಿಸಿತು. 0.5 ಅಂಗಡಿ, ಆಫೀಸಿಗೆ ಹಾಕುವವರ ಮಾಲು, ಅದರ ದುಡ್ಡನ್ನು ನೆಲಕ್ಕೆ ಹಾಕುವುದು ಮೇಲು.

ಸ್ಯಾಂಪಲ್‌ಗಳನ್ನು ಮನೆಯಲ್ಲಿ ಚೆನ್ನಾಗಿ ಗೋಳಾಡಿಸಿದೆ. ಚಿತ್ರ ಹೊರಗೆ ಬರುವಂತೆ ಪೂರ್ತಿ ಮಡಚಿದರೆ ಕೆಲವು ಬೆಳ್ಳಗಾಗಿ ಬಿರಿದವು. ಅವುಗಳ ಬೆನ್ನಿಗೆ ಹಳೇ ಪ್ಲಾಸ್ಟಿಕ್ ಕರಗಿಸಿದ ವಾಸನೆಯೂ ಇತ್ತು. ಒಂದು ಹಲಗೆಯನ್ನು ತಗಡಿನ ಮಾಡಿನ ಮೇಲೆ ಬಿಸಿಲಲ್ಲಿ ದಿನವಿಡೀ ಬಿಟ್ಟು, ತಣಿದ ಮೇಲೆ ಅಳೆದೆ. ಮೂವತ್ತಾರು ಇಂಚಿನ ಹಲಗೆ ಎರಡು ಮಿಲಿಯಷ್ಟು ಗಿಡ್ಡ ಆಗಿತ್ತು. ಅದನ್ನು ಹಾಕಿದ್ದರೆ ಕಿಟಕಿ ಪಕ್ಕ ಸಂದಿ ಬಾಯಿ ಬಿಡುತ್ತಿತ್ತು. ಕೊನೆಗೆ ಉಳಿದದ್ದು ಐವತ್ತೆರಡು ರೂಪಾಯಿಯದು, ಆರು ಇಂಚು ಅಗಲ, ಮೂರಡಿ ಉದ್ದ, ಡಬ್ಬಕ್ಕೆ ಮೂವತ್ತಾರು ಹಲಗೆ, ಅಂದರೆ ಐವತ್ತನಾಲ್ಕು ಚದರಡಿ.

ಬಣ್ಣದ ಬಗ್ಗೆ ಒಂದು ಮಾತು. ನಾನು ಮರಗೆಲಸದ ಮನೆಯವನು. ಬೀಟೆ, ತೇಗ, ಹೊನ್ನೆ, ಮತ್ತಿ ಕೈಯಲ್ಲಿ ಆಡಿದವು. ಮಾರುಕಟ್ಟೆಗೆ ಬರುವ ಡಿಸೈನ್ ಬಹುಪಾಲು ಓಕ್, ನಮ್ಮ ಕಣ್ಣಿಗೆ ಪರಿಚಯವಿಲ್ಲದ ಮರ. ಬೂದುಬಣ್ಣದ ಓಕ್ ಆಗ ಫ್ಯಾಷನ್ ಆಗಿತ್ತು, ಮಲೆನಾಡಿನ ಕತ್ತಲೆ ಹಾಲ್‌ಗೆ ಹಾಕಿದರೆ ಸೂತಕದ ಮನೆ ಥರ ಕಾಣುತ್ತೆ. ಅಜ್ಜನ ಮನೆಯ ಉಪ್ಪರಿಗೆಯಲ್ಲಿ ಹೊನ್ನೆ ಹಲಗೆಯ ನೆಲ ಇತ್ತು, ಅದಕ್ಕೆ ಹತ್ತಿರದ ಜೇನುಗೆಂಪು ಹುಡುಕಿದೆ. ಒಂದು ಡಬ್ಬದಲ್ಲಿ ಎಷ್ಟು ಬೇರೆ ಬೇರೆ ಹಲಗೆಯ ಚಿತ್ರ ಇದೆ ಅಂತ ಎಣಿಸಿ ನೋಡಿ. ಅಗ್ಗದ್ದರಲ್ಲಿ ನಾಲ್ಕೇ, ಅದೇ ಗಂಟು ನಾಲ್ಕು ಹೆಜ್ಜೆಗೊಮ್ಮೆ ಬಂದು ಕಣ್ಣಿಗೆ ಚುಚ್ಚುತ್ತೆ. ನಾನು ಕೊಂಡದ್ದರಲ್ಲಿ ಹನ್ನೊಂದೋ ಹನ್ನೆರಡೋ ಇದ್ದವು. ಒಂಬತ್ತೂ ಡಬ್ಬ ಒಂದೇ ಬ್ಯಾಚ್ ನಂಬರಿನದ್ದೇ ಬೇಕು ಅಂತ ಹಠ ಹಿಡಿದು ಒಂದು ವಾರ ಕಾದೆ. ಆಮೇಲೆ ಎಲ್ಲ ಬಿಚ್ಚಿ ಇಸ್ಪೀಟಿನಂತೆ ಕಲಸಿಟ್ಟೆ.

ನೆಲ ತಯಾರಿಗೆ ಐದು ದಿನ ಹಿಡಿಯಿತು, ಹಲಗೆ ಹಾಕಲು ಎರಡೂವರೆ ದಿನ. ಮೊದಲು ಮೇಣ ತೆಗೆಯಬೇಕು. ಬಿಸಿನೀರು, ವಾಷಿಂಗ್ ಸೋಡಾ, ಇನ್ನೊಂದು ಸಾಮಾನು, ಅದರ ಹೆಸರೂ ಅಳತೆಯೂ ನನ್ನ ಹತ್ತಿರವೇ ಇರಲಿ, ಹೊಟ್ಟೆಪಾಡಿನ ಪ್ರಶ್ನೆ. ತೆಗೆದದ್ದು ಸರಿಯಾಯಿತೋ ಅಂತ ನೋಡಲು ಒಂದು ಚಮಚ ನೀರು ಹಾಕಿ. ಮುತ್ತಿನಂತೆ ನಿಂತರೆ ಮೇಣ ಇನ್ನೂ ಇದೆ, ಹರಡಿ ನೆಲ ಕುಡಿದರೆ ಸರಿ. ಆಮೇಲೆ ಮಷಿನ್ನಿನಲ್ಲಿ ಉಜ್ಜಿ ಹೊಳಪು ಸಾಯಿಸಿದೆ. ಉತ್ತರದ ಕೋಣೆಗೆ ಎಪಾಕ್ಸಿ ಎರಡು ಕೋಟ್, ಎರಡನೆಯದು ಅಡ್ಡಡ್ಡ. ಅದು ಹಸಿ ಇರುವಾಗಲೇ ಜರಡಿ ಹಿಡಿದ ಒಣ ಮರಳು ಎರಚಿದೆ, ಮೇಲೆ ಹಾಕುವ ಲೆವೆಲಿಂಗ್ ಪುಡಿಗೆ (ನೀರಲ್ಲಿ ಕಲಸಿ ತಗ್ಗು ಸಮ ಮಾಡುವುದು) ಹಿಡಿತ ಸಿಗಲಿ ಅಂತ. ಲೆವೆಲಿಂಗ್ ಪೂರ್ತಿ ನೆಲಕ್ಕೆ ಸುರಿಯಲಿಲ್ಲ. ಆರಡಿ ಅಲ್ಯೂಮಿನಿಯಂ ಪಟ್ಟಿ ಇಟ್ಟು ತಗ್ಗಿಗೆಲ್ಲ ಸೀಮೆಸುಣ್ಣದ ಗೆರೆ ಹಾಕಿ ಅಲ್ಲಿಗೆ ಮಾತ್ರ, ನಾಲ್ಕು ಮೂಟೆಯಲ್ಲಿ ಮುಗಿಯಿತು. ಎರಡು ಮಿಲಿ ಹಲಗೆ ಅಡಿಯ ಒಂದು ಮರಳಿನ ಕಾಳನ್ನೂ ಮೇಲೆ ತೋರಿಸಿಬಿಡುತ್ತೆ.

ಗಮ್ಮು ಅಕ್ರಿಲಿಕ್ಕು, ನೀರಿನದು. ಸಣ್ಣ ಹಲ್ಲಿನ ಕರಣೆಯಲ್ಲಿ ಎಳೆದು ಕಾಯಬೇಕು. ಈ ಕಾಯುವುದರಲ್ಲೇ ನಮ್ಮವರು ಸೋಲುವುದು. ಹಾಲಿನಂತೆ ಬೆಳ್ಳಗಿದ್ದದ್ದು ತಿಳಿಯಾಗಿ, ಹೆಬ್ಬೆಟ್ಟು ಒತ್ತಿದರೆ ಅಂಟಬೇಕು, ಬೆರಳಿಗೆ ಮೆತ್ತಬಾರದು. ಫೆಬ್ರವರಿಯಲ್ಲಿ ಅರ್ಧ ಗಂಟೆ ಸಾಕಾಯಿತು. ಮಳೆಗಾಲದಲ್ಲಿ ಒಂದು ತುಂಡಿನ ಮೇಲೆ ಎಳೆದು ನೋಡಿದ್ದೆ, ಎರಡು ಗಂಟೆಯಾದರೂ ಬೆಳ್ಳಗೇ ಇತ್ತು. ಆದ್ದರಿಂದ ಜೂನ್‌ನಿಂದ ಅಕ್ಟೋಬರ್‌ವರೆಗೆ ಯಾರು ಕರೆದರೂ ನಾನು ಈ ಕೆಲಸ ಒಪ್ಪುವುದಿಲ್ಲ.

ಹಲಗೆಗಳು ಎರಡು ದಿನ ಮುಂಚೆಯೇ ಆ ಕೋಣೆಯಲ್ಲಿ ಚಪ್ಪಟೆಯಾಗಿ ಮಲಗಿದ್ದವು. ನಡುವೆ ನೂಲು ಹೊಡೆದು, ಅಡಿಯ ಬಾಣದ ಗುರುತೆಲ್ಲ ಒಂದೇ ದಿಕ್ಕಿಗೆ, ಪಕ್ಕದ ಸಾಲುಗಳ ತಲೆಸಂದಿ (ಹಲಗೆಗಳ ತುದಿ ಕೂಡುವ ಜಾಗ) ಒಂದಕ್ಕೊಂದು ಎಂಟು ಇಂಚಿಗೆ ಕಡಿಮೆ ದೂರ ಇಲ್ಲದಂತೆ ಹಾಕಿದೆ. ಹಲಗೆ ಒತ್ತಿ ಕೂರಿಸುವ ಭಾರದ ಉರುಳೆ ಬಾಡಿಗೆಗೆ ಸಿಗಲಿಲ್ಲ. ಎಂಟು ಇಂಚಿನ ಪಿವಿಸಿ ಪೈಪಿನ ಒಂದೂವರೆ ಅಡಿ ತುಂಡಿಗೆ ಕಾಂಕ್ರೀಟ್ ತುಂಬಿ, ನಡುವೆ ಸರಳು ಕೂರಿಸಿ, ಮೇಲೆ ಹಳೇ ಕಂಬಳಿ ಸುತ್ತಿದೆ. ಮೂವತ್ತು ಕೆಜಿ ದಾಟಿರಬೇಕು. ಉದ್ದಕ್ಕೂ ಅಡ್ಡಕ್ಕೂ ಎಳೆದೆವು, ಮಾರನೇ ದಿನ ಮತ್ತೊಮ್ಮೆ. ಆ ಉರುಳೆಯನ್ನು ಈಗ ಮೂರು ಜನ ಕೇಳಿಕೊಂಡು ಹೋಗುತ್ತಾರೆ.

ಲೆಕ್ಕ ನೆನಪಿನಿಂದ ಹೇಳುತ್ತೇನೆ. ಹಾಲ್ ಮತ್ತು ಎರಡು ಕೋಣೆ ಸೇರಿ ಸುಮಾರು 436 ಚದರಡಿ. ಹಲಗೆಗೆ ಜಿಎಸ್‌ಟಿ ಸೇರಿ ಮೂವತ್ತು ಸಾವಿರಕ್ಕೆ ಸ್ವಲ್ಪ ಕಡಿಮೆ. ಗಮ್ಮು ಐದು, ಲೆವೆಲಿಂಗ್ ಪುಡಿ ಐದು ಸಾವಿರದ ಚಿಲ್ಲರೆ, ಎಪಾಕ್ಸಿ ಎರಡೂವರೆ. ಅಂಚಿನ ಬೀಡಿಂಗು ಪಟ್ಟಿ, ಲಾರಿ, ಹುಡುಗನ ಕೂಲಿ, ಮಷಿನ್ ಬಾಡಿಗೆ ಎಲ್ಲ ಸೇರಿ ಏಳು ಸಾವಿರದ ಹತ್ತಿರ. ಒಟ್ಟು ನಲವತ್ತೊಂಬತ್ತು ಸಾವಿರ, ಅಂದರೆ ಚದರಡಿಗೆ ನೂರಾ ಹನ್ನೆರಡರ ಸುಮಾರು. ನನ್ನ ಸ್ವಂತ ದುಡಿಮೆ ಹಿಡಿದಿಲ್ಲ. ಹಳೇ ನೆಲ ಅಗೆದು ಟೈಲ್ಸ್ ಹಾಕಲು ಎಂಬತ್ತು ಸಾವಿರ ಹೇಳಿದ್ದರು, ಬಾಗಿಲುಗಳನ್ನೆಲ್ಲ ಕತ್ತರಿಸಬೇಕಿತ್ತು. ಇಲ್ಲಿ ಒಂದೇ ಬಾಗಿಲಿನ ಅಡಿ ತುಸು ಕೆತ್ತಿದೆ.

ಉಳಿದ ಹಲಗೆಯಲ್ಲಿ ಕೆಲವು ಪರೀಕ್ಷೆ ಮಾಡಿದ್ದೂ ಹೇಳಿಬಿಡುತ್ತೇನೆ. ಅರಿಶಿನದ ಕಲೆ ಒರೆಸಿದರೆ ಹೋಗಲಿಲ್ಲ, ಬಿಸಿಲಿಗೆ ಇಟ್ಟೆ, ಮೂರು ದಿನದಲ್ಲಿ ತಾನಾಗೇ ಮಾಸಿತು. ಕವಳದ ರಸ ಒರೆಸಿದ ಕೂಡಲೇ ಹೋಯಿತು. ಅಡಿಕೆ ಚೊಗರು ಒಂದು ರಾತ್ರಿ ಬಿಟ್ಟಿದ್ದಕ್ಕೆ ಮರದ ಗೀರುಗಳೊಳಗೆ ಕೂತುಬಿಟ್ಟಿತು. ಒಲೆಯಿಂದ ಇಳಿಸಿದ ಕಾವಲಿ ಇಟ್ಟರೆ ಸುಟ್ಟ ಉಂಗುರ, ಅದಕ್ಕೆ ಮದ್ದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ರಬ್ಬರ್ ಬೆನ್ನಿನ ಕಾಲೊರೆಸು. ಹಾಲ್ ಬಾಗಿಲಲ್ಲಿ ಒಂದು ವರ್ಷ ಇತ್ತು, ಎತ್ತಿದರೆ ಅಷ್ಟಗಲ ಹಳದಿ. ಕೊಳೆಯಲ್ಲ ಅದು, ಹಲಗೆಯ ಬಣ್ಣವೇ ತಿರುಗಿದ್ದು. ಹೀಟ್ ಗನ್ ಹಿಡಿದು ಮೂರು ಹಲಗೆ ಎತ್ತಿ ಬೇರೆ ಹಾಕಿದೆ. ಆ ನೆಪದಲ್ಲಿ ಅಡಿಯ ಗಮ್ಮು ನೋಡುವ ಅವಕಾಶ ಸಿಕ್ಕಿತು, ಮೊದಲ ದಿನದ ಹಾಗೇ ತಿಳಿಯಾಗಿ, ಗಟ್ಟಿ ಅಂಟಿಕೊಂಡಿತ್ತು. ಈಗ ಅಲ್ಲಿ ಬಟ್ಟೆಯ ಕಾಲೊರೆಸು. ಆದ್ದರಿಂದ ಒಂದು ಡಬ್ಬ ಹೆಚ್ಚಿಗೆ ತೆಗೆದಿಡಿ, ಅದೇ ಬ್ಯಾಚಿನದ್ದು ಆಮೇಲೆ ಸಿಗುವುದಿಲ್ಲ.

ಒರೆಸಲು ಸೀಮೆಎಣ್ಣೆ ಹನಿ ಹಾಕುವ ಅಭ್ಯಾಸ ಅಮ್ಮನಿಗಿತ್ತು, ಅದನ್ನು ಬಿಡಿಸಲು ಒಂದು ತಿಂಗಳು ಬೇಕಾಯಿತು. ಈಗ ಮಳೆಗಾಲದಲ್ಲೂ ಚಪ್ಪಲಿಯಿಲ್ಲದೆ ಓಡಾಡುತ್ತಾರೆ.

ಮೊನ್ನೆ ಭಾವ ಬಂದವರು ಕಾಲಲ್ಲಿ ಒತ್ತಿ ಒತ್ತಿ ನೋಡಿ, 'ನಮ್ಮನೆಗೂ ನೋಡು ಹಾಗಾದ್ರೆ' ಅಂದರು. ಹೋಗಿ ಹಾಲ್‌ಗೆ ಆರು ಹಾಳೆ ಅಂಟಿಸಿ ಬಂದೆ. ಎರಡು ಕಡೆ ಅಡಿಯಲ್ಲೇ ನೀರು ಕಟ್ಟಿದೆ. ಅವರ ಹಿತ್ತಿಲ ಚರಂಡಿ ಗೋಡೆಗೆ ತಾಗಿಕೊಂಡೇ ಹರಿಯುತ್ತದೆ. ಮೊದಲು ಅದನ್ನು ನಾಲ್ಕಡಿ ಆಚೆ ತಿರುಗಿಸಿ, ಮುಂದಿನ ಮಳೆಗಾಲ ಮತ್ತೆ ಹಾಳೆ ಹಾಕಿ ನೋಡಿ ಆಮೇಲೆ ಹಲಗೆ ಅಂತ ಹೇಳಿದ್ದೇನೆ. ಅವರಿಗೆ ದೀಪಾವಳಿಯ ಒಳಗೇ ಆಗಬೇಕಂತೆ. ನಾನು ಒಪ್ಪಿಲ್ಲ.