ಓಟಕ್ಕೆ ಮೊದಲು ಸ್ನಾಯು ಎಳೆಯುವುದು ಎಷ್ಟು ಹೊತ್ತು?

ಮಕ್ಕಳಿಗೆ ಓಟ, ಜಿಗಿತ ಅಭ್ಯಾಸ ಮಾಡಿಸುವವರು ಗಮನಿಸಿ. ಕಾಲು ಚಾಚಿ ಕುಳಿತು, ಹೆಬ್ಬೆರಳು ಹಿಡಿದು, ಒಂದೇ ಭಂಗಿಯಲ್ಲಿ 60 ಸೆಕೆಂಡಿಗಿಂತ ಹೆಚ್ಚು ಹೊತ್ತು ಸ್ನಾಯುವನ್ನು ಎಳೆದಿಟ್ಟರೆ ಅದರ ಬಲ ಸ್ವಲ್ಪ ಹೊತ್ತು ಕುಗ್ಗುತ್ತದೆ. ನರಗಳಿಂದ ಸ್ನಾಯುವಿಗೆ ಬರುವ ಪ್ರಚೋದನೆ ತಗ್ಗುವುದು ಇದಕ್ಕೊಂದು ಕಾರಣ. ವ್ಯತ್ಯಾಸ ಸಣ್ಣದೇ, ಆದರೆ ಪದಕ ತಪ್ಪುವುದೂ ಕೂದಲೆಳೆಯ ಅಂತರದಲ್ಲೇ ಅಲ್ಲವೇ!

ಸ್ಪರ್ಧೆಗೆ ಮೊದಲು ಐದು ನಿಮಿಷ ನಿಧಾನವಾಗಿ ಓಡಿಸಿ. ಆಮೇಲೆ ಮಂಡಿ ಎತ್ತಿ ಓಡುವುದು, ಗೋಡೆ ಹಿಡಿದು ಒಂದೊಂದೇ ಕಾಲನ್ನು ಹಿಂದಕ್ಕೂ ಮುಂದಕ್ಕೂ ಬೀಸುವುದು, ಉದ್ದ ಹೆಜ್ಜೆಯಿಟ್ಟು ಮಂಡಿ ಬಗ್ಗಿಸಿ ನಡೆಯುವುದು ಸಾಕು. ಒಂದೇ ಭಂಗಿಯಲ್ಲಿ ಎಳೆಯಲೇಬೇಕೆಂದರೆ ಪ್ರತಿ ಸ್ನಾಯುವಿಗೆ 30 ಸೆಕೆಂಡು ಮೀರದಿರಲಿ. ದೀರ್ಘ ಎಳೆತ ಅಭ್ಯಾಸ ಮುಗಿದ ಮೇಲಿರಲಿ. ಬೆನ್ನು ಒತ್ತಿ ಬಲವಂತವಾಗಿ ಬಗ್ಗಿಸುವ ಉತ್ಸಾಹಿಗಳನ್ನಂತೂ ದೂರವಿಡಿ.