ನೋಟಿಫಿಕೇಶನ್‌ಗಳಿಗೆ ಹೊತ್ತು ಗೊತ್ತುಮಾಡಿ
ಸಾಮಾಜಿಕ ಜಾಲತಾಣಗಳ ನೋಟಿಫಿಕೇಶನ್‌ಗಳು ದಿನವಿಡೀ ಒಂದೊಂದಾಗಿ ಬರುವುದನ್ನು ತಪ್ಪಿಸಿ, ಬೆಳಿಗ್ಗೆ 8ಕ್ಕೆ ಮತ್ತು ಸಂಜೆ 7ಕ್ಕೆ ಮಾತ್ರ ಒಟ್ಟಾಗಿ ಬರುವಂತೆ ಹೊಂದಿಸಿಕೊಳ್ಳಿ. ಐಫೋನಿನಲ್ಲಿ 2021ರ ಐಒಎಸ್ 15ರಿಂದ ಇದಕ್ಕೆಂದೇ ‘ಶೆಡ್ಯೂಲ್ಡ್ ಸಮ್ಮರಿ’ ಎಂಬ ಸೌಲಭ್ಯವಿದೆ. ಆಂಡ್ರಾಯ್ಡ್ ಬಳಸುವವರು ಆ ಆ್ಯಪ್‌ಗಳ ನೋಟಿಫಿಕೇಶನ್ ಪೂರ್ತಿ ನಿಲ್ಲಿಸಿ, ಅದೇ ಹೊತ್ತಿಗೆ ತಾವಾಗಿ ತೆರೆದು ನೋಡಬಹುದು. ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಎಷ್ಟು ಸಲ ಕುಕ್ಕಿದರೆ ಕಾಳು ಸಿಗುತ್ತದೆಂಬುದು ನಿಶ್ಚಿತವಿಲ್ಲದಾಗ ಹಕ್ಕಿಗಳು ಬಿಡುವಿಲ್ಲದೆ ಕುಕ್ಕುತ್ತಿದ್ದವು ಮತ್ತು ಕಾಳು ನಿಂತ ಮೇಲೂ ಬಹಳ ಹೊತ್ತು ಬಿಡುತ್ತಿರಲಿಲ್ಲ. ಯಾವಾಗ ಬರುತ್ತದೋ ತಿಳಿಯದ ಲೈಕು ನಮ್ಮನ್ನೂ ಹೀಗೆಯೇ ಹಿಡಿದಿಡುತ್ತದೆ, ಬರುವ ಹೊತ್ತು ಮೊದಲೇ ತಿಳಿದಿದ್ದರೆ ನಡುನಡುವೆ ಫೋನ್ ತೆಗೆದು ನೋಡಲು ಕಾರಣವೇ ಉಳಿಯುವುದಿಲ್ಲ. ಐಕಾನಿನ ಮೇಲಿನ ಕೆಂಪು ಅಂಕಿಯನ್ನೂ ಮರೆಯದೆ ತೆಗೆಯಿರಿ, ಏಕೆಂದರೆ ಸದ್ದಿಲ್ಲದಿದ್ದರೂ ಅದು ಕರೆಯುತ್ತಲೇ ಇರುತ್ತದೆ. ಮನೆಯವರ ಕರೆ, ಬ್ಯಾಂಕಿನ ಸಂದೇಶ, ಒಟಿಪಿಗಳನ್ನು ಮಾತ್ರ ಹಾಗೆಯೇ ಬಿಡಿ. ರೀಲ್ಸ್ ಮತ್ತು ಶಾರ್ಟ್ಸ್‌ಗಳ ಮುಂದೆ ಈ ಉಪಾಯ ನಡೆಯುವುದಿಲ್ಲ: ಅಲ್ಲಿ ಪ್ರತಿ ಸಲ ಬೆರಳು ಸರಿಸಿದಾಗಲೂ ಅನಿಶ್ಚಿತ ಬಹುಮಾನ ಕಾದಿರುವುದರಿಂದ, ಆ ಆ್ಯಪನ್ನೇ ಫೋನಿನಿಂದ ತೆಗೆದು ಕಂಪ್ಯೂಟರಿನಲ್ಲಿ ಮಾತ್ರ ನೋಡುವುದು ಮೇಲು.