ಲಿಗೂರಿಯಾ ಕಡಲತೀರದ ಹಳೆಯ ವಿಲ್ಲಾ ಕೊಳ್ಳುವ ಮುನ್ನ

ಇಟಲಿಯ ಲಿಗೂರಿಯಾ ಕರಾವಳಿಯಲ್ಲಿ ಜೀರ್ಣೋದ್ಧಾರಗೊಂಡ ವಿಲ್ಲಾ ಮಾರಾಟಕ್ಕಿದ್ದರೆ, ಸಮುದ್ರದ ನೋಟಕ್ಕೆ ಮನಸೋಲುವ ಮೊದಲು ಗೋಡೆಯ ಬುಡವನ್ನು ಪರೀಕ್ಷಿಸಬೇಕು. ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಗಾರೆಯು ಗೋಡೆಯನ್ನು ಬಿಟ್ಟಿದೆ ಎಂದರ್ಥ. ಬಿಳಿಯ ಪುಡಿ ಕೈಗಂಟಿದರೆ ಒಳಗಿನ ತೇವದೊಡನೆ ಉಪ್ಪು ಹೊರಬರುತ್ತಿರುವ ಸಾಧ್ಯತೆಯೇ ಹೆಚ್ಚು. ಹಳೆಯ ಕಲ್ಲುಗೋಡೆಗೆ ಸುಣ್ಣದ ಗಾರೆಯೇ ತಕ್ಕದ್ದು, ಏಕೆಂದರೆ ಅದು ತೇವವನ್ನು ಆವಿಯಾಗಿ ಹೋಗಲು ಬಿಡುತ್ತದೆ. ಸಿಮೆಂಟು ಮೆತ್ತಿದ್ದರೆ ತೇವ ಒಳಗೇ ಉಳಿದು ಕಲ್ಲನ್ನು ಸವೆಸುತ್ತದೆ. ಹೊಸ ಬಣ್ಣವು ಇದನ್ನೆಲ್ಲ ಕೆಲಕಾಲ ಮರೆಮಾಡಬಲ್ಲದಾದ್ದರಿಂದ, ಮಳೆ ಬೀಳುವ ಶರತ್ಕಾಲದಲ್ಲಿ ಇನ್ನೊಮ್ಮೆ ಹೋಗಿ ನೋಡಿ. ಹೊರಗೋಡೆಯ ಮೇಲೆ ಕಿಟಕಿ, ಕಂಬಗಳನ್ನು ನಿಜವೆನ್ನುವಂತೆ ಬಣ್ಣದಲ್ಲೇ ಬಿಡಿಸುವುದು ಈ ನಾಡಿನ ಸಂಪ್ರದಾಯ. ಆ ಹಳೆಯ ಚಿತ್ರಗಳು ಉಳಿದಿದ್ದರೆ, ನನ್ನ ಮಟ್ಟಿಗೆ ಆ ಮನೆಯ ನಿಜವಾದ ಸಂಪತ್ತು ಅದೇ.

ಕಟ್ಟಡವು 2004ರ ಸಾಂಸ್ಕೃತಿಕ ಆಸ್ತಿ ಸಂಹಿತೆಯಡಿ ಸಂರಕ್ಷಿತವೇ ಎಂದು ನೋಟರಿಯಿಂದ ತಿಳಿದುಕೊಳ್ಳಿ. ಹಾಗಿದ್ದಲ್ಲಿ ಮಾರಾಟವನ್ನು 30 ದಿನಗಳೊಳಗೆ ಸರ್ಕಾರಕ್ಕೆ ತಿಳಿಸಬೇಕು. ಆನಂತರ 60 ದಿನಗಳವರೆಗೆ ಅದೇ ಬೆಲೆಗೆ ತಾನೇ ಕೊಳ್ಳುವ ಹಕ್ಕು ಸರ್ಕಾರಕ್ಕಿರುವುದರಿಂದ, ಆ ಅವಧಿಯನ್ನು ಗಮನದಲ್ಲಿಟ್ಟೇ ಹಣ ಪಾವತಿಯ ಷರತ್ತುಗಳನ್ನು ಬರೆಸಬೇಕು. ಹಿಂದಿನ ದುರಸ್ತಿಗೆ ಪಡೆದ ಅನುಮತಿ ಪತ್ರಗಳನ್ನೂ ಕೇಳಿ ಪಡೆಯಿರಿ. ಮನೆಯ ಮುಂದಿನ ಮರಳದಂಡೆ ಸಾಮಾನ್ಯವಾಗಿ ಸರ್ಕಾರದ ಸ್ವತ್ತೇ ಆಗಿರುತ್ತದೆ. ಅದನ್ನು ಬೆಲೆಯಲ್ಲಿ ಸೇರಿಸಲು ಒಪ್ಪಬೇಡಿ.